ಹದಿನಾಲ್ಕು ನಿಮಿಷದ ಧನ್ಯವಾದ

ಕೊಲಂಬಿಯಾ ದೇಶದ ಕಾಲಿ ನಗರದ ಆ ದೊಡ್ಡ ಸಭಾಂಗಣದಲ್ಲಿ ಹನ್ನೆರಡನೆಯ ದಿನದ ಹೊತ್ತಿಗೆ ಜಗತ್ತಿನ ಅರ್ಧ ದೇಶಗಳಿಗೆ ನೆಗಡಿಯಾಗಿತ್ತು, ಉಳಿದರ್ಧಕ್ಕೆ ವಿಮಾನದ ಚಿಂತೆ ಹತ್ತಿತ್ತು. ಭೂಮಿಯ ಮೇಲಿನ ಗಿಡಮರ, ಮೀನು, ಹಕ್ಕಿ, ಹುಳಹುಪ್ಪಟೆಗಳನ್ನು ಉಳಿಸಿಕೊಳ್ಳಲು ಎಲ್ಲ ದೇಶಗಳೂ ಸೇರಿ ವರ್ಷಕ್ಕೆ ಎಷ್ಟು ಹಣ ಹಾಕಬೇಕು ಎಂಬ ಗುರಿಯನ್ನು ಗೊತ್ತುಮಾಡುವ ಸಭೆ ಅದು. ಹನ್ನೊಂದು ದಿನಕ್ಕೆ ಮುಗಿಯಬೇಕಿತ್ತು. ಇಂಥ ಸಭೆ ಹೇಳಿದ ದಿನಕ್ಕೆ ಮುಗಿದದ್ದನ್ನು ಕಂಡವರಿಲ್ಲ. ಅದು ಗೊತ್ತಿದ್ದೂ ಪ್ರತಿ ದೇಶದ ಕಚೇರಿಯೂ ಮರುದಿನಕ್ಕೇ ವಾಪಸು ಟಿಕೆಟ್ ತೆಗೆಸಿರುತ್ತದೆ. ಹೀಗಾಗಿ ಆ ಶನಿವಾರ ಬೆಳಗಿನಿಂದ ಒಬ್ಬೊಬ್ಬರೇ ಪೆಟ್ಟಿಗೆ ಎಳೆದುಕೊಂಡು ಹೊರಡುತ್ತಿದ್ದರು. ಮೇಜುಗಳ ಮೇಲೆ ದೇಶದ ಹೆಸರಿನ ಫಲಕಗಳು ಮಾತ್ರ ಯಜಮಾನರಿಲ್ಲದೆ ಕೂತಿದ್ದವು.

ಹೊಂಡುರಾಸ್ ಫಲಕದ ಹಿಂದೆ ಎರ್ಮೆಲಿಂಡಾ ಒಬ್ಬಳೇ ಇದ್ದಳು. ಜೊತೆಗೆ ಬಂದಿದ್ದ ಅಧಿಕಾರಿ ಮೂರನೆಯ ದಿನವೇ ಜ್ವರ ಹಿಡಿದು ಊರು ಸೇರಿದ್ದ. ಶ್ರೀಮಂತ ದೇಶಗಳ ಕಡೆ ಮಾತಾಡಲು ಒಬ್ಬ, ಬರೆದುಕೊಳ್ಳಲು ಒಬ್ಬ, ಮಾತಾಡುವವನ ಕಿವಿಯಲ್ಲಿ ಪಿಸುಗುಟ್ಟಲು ಇನ್ನೊಬ್ಬ. ಇವಳದು ಒಂಟಿ ಎತ್ತಿನ ಬೇಸಾಯ. ಕುರ್ಚಿ ಬಿಟ್ಟೇಳುವಂತಿರಲಿಲ್ಲ, ಏಕೆಂದರೆ ಈ ಸಭೆಯಲ್ಲಿ ಕೈಯೆತ್ತಿ ಮತ ಹಾಕುವ ಪದ್ಧತಿಯಿಲ್ಲ. ಅಧ್ಯಕ್ಷರು "ಆಕ್ಷೇಪಣೆ ಇದೆಯೇ?" ಎನ್ನುತ್ತಾರೆ. ಬೇಡ ಎನ್ನುವವರೋ ಮಾತಾಡಬೇಕೆನ್ನುವವರೋ ಅಡ್ಡಲಾಗಿರುವ ತಮ್ಮ ಫಲಕವನ್ನು ನೆಟ್ಟಗೆ ನಿಲ್ಲಿಸಬೇಕು. ಯಾರೂ ನಿಲ್ಲಿಸದಿದ್ದರೆ ಮರದ ಸುತ್ತಿಗೆ ಠಕ್ಕೆಂದು ಬೀಳುತ್ತದೆ, ಅಲ್ಲಿಗೆ ಮುಗಿಯಿತು. ಆಮೇಲೆ ಅತ್ತರೂ ಇಲ್ಲ, ಕರೆದರೂ ಇಲ್ಲ.

ಅವಳು ಕಾಯುತ್ತಿದ್ದದ್ದು ಒಂದೇ ವಾಕ್ಯವನ್ನು: "ಈ ಗುರಿಯ ಹಣದಲ್ಲಿ ಐದರಲ್ಲೊಂದು ಪಾಲು, ಕಾಡು ಕಡಲು ಕಾಯುವ ಊರವರ ಕೈಗೇ ನೇರವಾಗಿ ಸೇರತಕ್ಕದ್ದು." ವರ್ಷಕ್ಕೆ ಎಷ್ಟು ಕೋಟಿ ಎಂಬ ಅಂಕಿಯ ಜಗಳ ಹಿಂದಿನ ದಿನವೇ ತೀರಿತ್ತು, ಅದರ ಮೇಲೆ ಸುತ್ತಿಗೆ ಮಾತ್ರ ಇನ್ನೂ ಬಿದ್ದಿರಲಿಲ್ಲ. ಯಾರ ಕೈಗೆ ಎಂಬ ಜಗಳವಷ್ಟೇ ಉಳಿದಿತ್ತು.

ಎರ್ಮೆಲಿಂಡಾ ಫೊನ್ಸೆಕಾ ಎಂಬ ಕಡಲ ಕೊಲ್ಲಿಯ ದಡದವಳು. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ಕೆಸರಿನಲ್ಲಿ ಮೊಣಕಾಲುದ್ದ ಹೂತು ಚಿಪ್ಪುಮೀನು ಹೆಕ್ಕುವ ಹೆಂಗಸರ ಊರು ಅವಳದು. ಒಂಬತ್ತನೆಯ ವಯಸ್ಸಿಗೆ ತಾಯಿ ತೀರಿಕೊಂಡಾಗ, ಆ ಹೆಂಗಸರು ದಿನಕ್ಕೊಬ್ಬರಂತೆ ತಮ್ಮ ಬುಟ್ಟಿಯಿಂದ ಒಂದು ಬೊಗಸೆ ಚಿಪ್ಪನ್ನು ಅವಳ ಹೆಸರಿಗೆ ತೆಗೆದಿಟ್ಟು, ಮಾರಿ ಓದಿಸಿದರು. ಚಂಡಮಾರುತ ಬುಡಮೇಲು ಮಾಡಿದ ಕಾಡನ್ನು ಸಸಿ ಸಸಿಯಾಗಿ ಮತ್ತೆ ನೆಟ್ಟವರೂ ಅವರೇ. ಅವರ ಹೆಸರಲ್ಲಿ ಹೊರದೇಶದಿಂದ ಬಂದ ಹಣ ನಾಲ್ಕು ಕೈ ದಾಟಿ ಊರು ಮುಟ್ಟುವಷ್ಟರಲ್ಲಿ ಎರಡು ಪೆಟ್ಟಿಗೆ ಟೋಪಿ ಮತ್ತು ಒಂದು ಬೋರ್ಡು ಆಗಿತ್ತು. ಮರಗಳ್ಳರು ಬರುವುದು ಎಂಜಿನ್ ದೋಣಿಯಲ್ಲಿ, ಇವರು ಅಟ್ಟಿಸಿಕೊಂಡು ಹೋಗುವುದು ಹುಟ್ಟು ಹಾಕಿಕೊಂಡು. ಇವಳು ಕಾಲಿ ನಗರಕ್ಕೆ ಹೊರಡುವ ದಿನ ಮುದುಕಿ ತೊಮಾಸಾ ಬಾಗಿಲವರೆಗೆ ಬಂದು, "ಟೋಪಿ ಸಾಕು ಅಂತ ಹೇಳು ಮಗಳೇ. ನಮಗಿರೋದು ಒಂದೊಂದೇ ತಲೆ," ಎಂದಿದ್ದಳು. ಆ ಕೆಸರಿನ ಕಾಲುಗಳ ಋಣ ಎರ್ಮೆಲಿಂಡಾಳ ಎದೆಯ ಮೇಲೆ ಕೂತಿತ್ತು. ಆ ವಾಕ್ಯ ಹೋದರೆ ತಾನು ಊರಿಗೆ ಯಾವ ಮುಖ ಹೊತ್ತು ಹೋಗಲಿ ಎಂದೇ ಅವಳು ಹನ್ನೆರಡು ದಿನ, ಕುರ್ಚಿ ಬಿಟ್ಟೇಳುವ ಪ್ರಮೇಯ ಬಾರದಂತೆ, ನೀರು ಕೂಡ ಲೆಕ್ಕವಿಟ್ಟು ಕುಡಿದಿದ್ದಳು.

ಅವಳ ಎಡಕ್ಕೆ ಹೈಟಿ ದೇಶದ ಒದಿಲೋನ್. ಸಭೆಯಲ್ಲಿ ದೇಶಗಳು ಕೂರುವುದು ಅಕ್ಷರದ ಸಾಲಿನಂತೆ, ಹೈಟಿ ಆದಮೇಲೆ ಹೊಂಡುರಾಸ್. ಹೀಗೆ ಅಕ್ಷರ ಕೂಡಿಸಿದ ನೆರೆಹೊರೆ ಹದಿನಾರು ವರ್ಷದ್ದು. ಅರವತ್ತು ದಾಟಿದ, ಬಡಕಲು ಮೈಯ, ಮಾತು ಕಡಿಮೆಯ ಮನುಷ್ಯ. ಯೌವನದಲ್ಲಿ ಗಡಿಯಾಚೆ ಸಾಂತೊ ದೊಮಿಂಗೊದಲ್ಲಿ ಓದಿದ್ದರಿಂದ ಇವಳ ಸ್ಪ್ಯಾನಿಷ್ ಅವನಿಗೆ ಚೆನ್ನಾಗಿ ಬರುತ್ತಿತ್ತು. ಪ್ರತಿ ಸಭೆಗೂ ಅವನು ಬೆಲ್ಲದ ಕಡಲೆಕಾಯಿ ಮಿಠಾಯಿ ತರುತ್ತಿದ್ದ, ಇವಳು ಮೆಕ್ಕೆಜೋಳದ ಕೋಡುಬಳೆಯಂಥ ರೊಸ್ಕಿಯಾ ತರುತ್ತಿದ್ದಳು. ಸಿಕ್ಕ ಸರದಿಯಲ್ಲಿ ಒಂದು ನಿಮಿಷದ ಮೇಲೆ ಅವನು ಮಾತಾಡಿದ್ದನ್ನು ಇವಳು ಕಂಡಿರಲಿಲ್ಲ.

ಮಧ್ಯಾಹ್ನ ಎರಡೂವರೆಗೆ ಎರ್ಮೆಲಿಂಡಾಳ ಕೈಯಲ್ಲಿ ಇನ್ನು ತಡೆದುಕೊಳ್ಳಲು ಆಗಲಿಲ್ಲ.

"ಯಾವ ಪುಟದಲ್ಲಿದ್ದಾರೆ?" ಎಂದು ಒದಿಲೋನನನ್ನು ಕೇಳಿದಳು.

"ನಾಲ್ಕು. ನಿನ್ನದು ಒಂಬತ್ತರಲ್ಲಿದೆ. ಹೋಗಿ ಬಾ ಮಾರಾಯ್ತಿ, ನೀನು ಕುಣಿಯೋದು ನೋಡಿ ನನ್ನ ಮೇಜೂ ಅಲ್ಲಾಡ್ತಿದೆ."

ಹೋಗುವ ಮುನ್ನ ಕೊರಳ ಬ್ಯಾಡ್ಜನ್ನು ತೆಗೆದು ಫಲಕಕ್ಕೆ ತೂಗುಹಾಕಿದಳು. ಕೊನೆಯ ದಿನ ಎಲ್ಲರೂ ಮಾಡುವುದು ಹಾಗೆಯೇ. ಕೂತಿರುವ ದೇಶಗಳ ಸಂಖ್ಯೆ ಇಂತಿಷ್ಟಕ್ಕಿಂತ ಕೆಳಗಿಳಿದರೆ ಸಭೆಯೇ ರದ್ದು. ಎಣಿಸಲು ಬರುವ ಗುಮಾಸ್ತನಿಗೆ, ನಾನು ವಿಮಾನ ಹತ್ತಿಲ್ಲ, ಇಲ್ಲೇ ಇದ್ದೇನೆ ಎಂದು ತೋರಿಸುವ ಗುರುತು ಅದು. ಬ್ಯಾಡ್ಜಿಲ್ಲದೆ ಹೊರಗೆ ಹೋದವರು ಒಳಗೆ ಬರುವುದು ಹೇಗೆ ಎಂಬ ಪ್ರಶ್ನೆ ಮಗುವಿಗಾದರೂ ಹೊಳೆದೀತು. ಹನ್ನೆರಡು ದಿನ ಸಭೆಯಲ್ಲಿ ಕೂತವರಿಗೆ ಹೊಳೆಯುವುದಿಲ್ಲ.

ಮುಖ ತೊಳೆದುಕೊಂಡು ಬಂದಾಗ ಬಾಗಿಲ ಮುಂದೆ ಅಸೆನೆತ್ ಅಡ್ಡ ನಿಂತಿದ್ದಳು. ಐವತ್ತರ ಆಸುಪಾಸಿನ, ಭಾರೀ ಮೈಕಟ್ಟಿನ ಕಾವಲುಗಾರ್ತಿ. ದಿನವೂ ಇವಳಿಗೆ ನಮಸ್ಕಾರ ಹೇಳುತ್ತಿದ್ದವಳೇ.

"ಬ್ಯಾಡ್ಜು?"

"ಒಳಗಿದೆ ಅಸೆನೆತ್. ಮೇಜಿನ ಮೇಲೆ. ನನ್ನ ಗುರುತು ಸಿಗಲಿಲ್ವಾ?"

"ಸಿಗದೆ ಏನು, ಬೆಳಿಗ್ಗೆ ನನ್ನ ಮೊಮ್ಮಗಳ ಫೋಟೋ ನೋಡಿದವರಲ್ವಾ ನೀವು. ಆದ್ರೆ ಯಂತ್ರ ಕೇಳೋದು ಬ್ಯಾಡ್ಜನ್ನ, ಮುಖಾನಲ್ಲ. ನಿಯಮ ಅಂದ್ರೆ ನಿಯಮ, ತಾಯಿ."

ಅಷ್ಟರಲ್ಲಿ ಹೊರಗಿನ ಗೋಡೆಗೆ ತೂಗುಹಾಕಿದ ಟಿವಿ ಪರದೆಯಲ್ಲಿ ಅಧ್ಯಕ್ಷರ ದನಿ ಕೇಳಿಸಿತು. ಜನ ಕರಗುತ್ತಿರುವುದರಿಂದ ತಕರಾರಿನ ಪುಟಗಳನ್ನು ಮೊದಲು ಎತ್ತಿಕೊಳ್ಳುತ್ತೇನೆ, ಒಂಬತ್ತನೆಯ ಪುಟ ತೆಗೆಯಿರಿ ಎನ್ನುತ್ತಿದ್ದರು. ಪರದೆಯ ಮೇಲೆ ಹಿಮದ ನಾಡೊಂದರ ಪ್ರತಿನಿಧಿ, ಬಹಳ ಸಭ್ಯ ಮನುಷ್ಯ, ಮೃದುವಾಗಿ ಹೇಳುತ್ತಿದ್ದ: ಗುರಿಯ ಅಂಕಿ ಒಪ್ಪಿಗೆಯಾಗಿದೆ, ಸಂತೋಷ. ಯಾರ ಕೈಗೆ ಎಂಬ ವಾಕ್ಯವನ್ನು ಸದ್ಯಕ್ಕೆ ಬಿಟ್ಟು, ಎರಡು ವರ್ಷದ ನಂತರದ ಸಭೆಯಲ್ಲಿ ನೋಡೋಣ.

"ಅದು ನನ್ನ ವಾಕ್ಯ! ಬಿಡು ಅಸೆನೆತ್, ನಿನ್ನ ಕಾಲಿಗೆ ಬೀಳ್ತೀನಿ!"

"ಕಾಲಿಗೆ ಬಿದ್ರೂ ಬ್ಯಾಡ್ಜ್ ಇಲ್ವಲ್ಲ," ಎಂದಳು ಅಸೆನೆತ್. ಅವಳ ಮುಖವೂ ಸಪ್ಪೆಯಾಗಿತ್ತು.

ಅಧ್ಯಕ್ಷರು ಸುತ್ತಿಗೆ ಕೈಗೆತ್ತಿಕೊಂಡರು. "ಆಕ್ಷೇಪಣೆ ಇದೆಯೇ?" ಸಾಲು ಸಾಲು ಫಲಕಗಳು ಮಲಗಿದ್ದವು. ಆಮೇಲೆ ಒಂದು ಫಲಕ ನಿಧಾನವಾಗಿ ನೆಟ್ಟಗೆ ನಿಂತಿತು.

"ಹೈಟಿ ಆಕ್ಷೇಪಿಸುತ್ತದೆಯೇ?"

ಒದಿಲೋನ್ ಗಂಟಲು ಸರಿಮಾಡಿಕೊಂಡ. "ಇಲ್ಲ, ಅಧ್ಯಕ್ಷರೇ. ಆ ವಾಕ್ಯದ ಬಗ್ಗೆ ಹೌದು ಅನ್ನೋಕ್ಕಾಗಲೀ ಅಲ್ಲ ಅನ್ನೋಕ್ಕಾಗಲೀ ನಮ್ಮ ಸರ್ಕಾರದ ಅಪ್ಪಣೆ ನನಗಿಲ್ಲ. ನನ್ನ ಸರದಿ ಇನ್ನೂ ಉಳಿದಿದೆ, ಈಗ ಮಾತಾಡ್ತೀನಿ ಅಷ್ಟೆ. ಮೊದಲಿಗೆ, ನಿಮಗೆ ಧನ್ಯವಾದ."

ಇಂಥ ಸಭೆಗಳಲ್ಲಿ ಯಾರೇ ಬಾಯಿ ತೆರೆದರೂ ಮೊದಲು ಅಧ್ಯಕ್ಷರಿಗೆ, ಆತಿಥೇಯ ದೇಶಕ್ಕೆ, ಊರಿನ ಜನಕ್ಕೆ ಧನ್ಯವಾದ ಹೇಳುವುದು ವಾಡಿಕೆ. ಯಾರೂ ಕೇಳಿಸಿಕೊಳ್ಳುವುದಿಲ್ಲ, ಆ ಹೊತ್ತಿನಲ್ಲಿ ಮೂಗು ಸೀಟುತ್ತಾರೆ. ಮೂರು ನಿಮಿಷವಾದರೆ ಕೆಂಪು ದೀಪ ಹತ್ತುತ್ತದೆ, ಮೈಕು ಬಂದಾಗುತ್ತದೆ. ಆದರೆ ಧನ್ಯವಾದ ಹೇಳುತ್ತಿರುವವನ ಮೈಕನ್ನು ಕಿತ್ತುಕೊಂಡ ಅಧ್ಯಕ್ಷ ಇನ್ನೂ ಹುಟ್ಟಿಲ್ಲ. ಒದಿಲೋನ್ ಅದನ್ನೇ ಹಿಡಿದುಕೊಂಡ.

ಕೊಲಂಬಿಯಾಕ್ಕೆ ಧನ್ಯವಾದ ಹೇಳಿದ. ಕಾಲಿ ನಗರಕ್ಕೆ, ಸಂಜೆ ನಾಲ್ಕಕ್ಕೆ ಬೆಟ್ಟದಿಂದ ಇಳಿದು ಬೆವರು ಆರಿಸುವ ಅದರ ಗಾಳಿಗೆ ಹೇಳಿದ. ಗಾಜಿನ ಪೆಟ್ಟಿಗೆಯೊಳಗೆ ಕೂತ ಅನುವಾದಕರಿಗೆ, "ಹನ್ನೆರಡು ದಿನ ನಮ್ಮ ಕೆಮ್ಮನ್ನೂ ಬಿಡದೆ ಆರು ಭಾಷೆಗೆ ತಿರುಗಿಸಿದ್ದೀರಿ," ಎಂದ. ಗಾಜಿನ ಹಿಂದೆ ಒಬ್ಬಾಕೆ ನಕ್ಕಿದ್ದು ಎಲ್ಲರ ಕಿವಿಗೂ ಬಿತ್ತು. ಬಸ್ಸಿನವರಿಗೆ, ಕಸ ಗುಡಿಸುವವರಿಗೆ, ಬೆಳಿಗ್ಗೆ ಆರಕ್ಕೇ ಬಿಸಿ ಚೀಸ್ ಬನ್ನು ತರುವ ಮುದುಕನಿಗೆ, ಹೆಸರು ಹಿಡಿದು ಹೇಳಿದ. ಕೆಂಪು ದೀಪ ಹತ್ತಿತು. ಅಧ್ಯಕ್ಷರು ಕೆಮ್ಮಿದರು. ಒದಿಲೋನ್ ಅವರ ಕೆಮ್ಮಿಗೂ ಔಷಧ ಸೂಚಿಸಿ ಮುಂದುವರಿದ.

ಪರದೆಯ ಕೆಳಗೆ ನಿಂತ ಎರ್ಮೆಲಿಂಡಾಳಿಗೆ ತಕ್ಷಣ ಅರ್ಥವಾಯಿತು. "ಅಯ್ಯೋ, ಇವನು ನನಗೋಸ್ಕರ ಎಳೀತಿದ್ದಾನೆ," ಎಂದಳು. ಅಳು ಬಂತು.

ಎಂಟನೆಯ ನಿಮಿಷದಲ್ಲಿ ಒದಿಲೋನ್ ನೇರ ಕ್ಯಾಮೆರಾ ಕಡೆ ನೋಡಿದ. "ಇನ್ನು ಬಾಗಿಲಲ್ಲಿ ನಿಂತಿರೋ ತಾಯಂದಿರಿಗೆ. ಹನ್ನೆರಡು ದಿನ ನಾವು ಕೂತೇ ಸುಸ್ತಾದ್ವಿ, ಅವರು ನಿಂತೇ ಇದ್ದಾರೆ. ಗುರುತು ಹಿಡಿದ ಮುಖಾನೂ ಬ್ಯಾಡ್ಜಿಲ್ಲದೆ ಬಿಡದ ಅವರ ನಿಯತ್ತಿಗೆ ನನ್ನ ಧನ್ಯವಾದ. ಈಗ ಯಾರಾದ್ರೂ ಹೊರಗೆ ಸಿಕ್ಕಿಹಾಕಿಕೊಂಡಿದ್ರೆ, ಅವರ ಬ್ಯಾಡ್ಜ್ ನನ್ನ ಬಲಗಡೆ ಮೇಜಿನ ಮೇಲೆ ಭದ್ರವಾಗಿದೆ ಅಂತ ಆ ತಾಯಂದಿರಿಗೆ ತಿಳಿಸೋಕೆ ಇಷ್ಟಪಡ್ತೀನಿ."

ಅಸೆನೆತ್ ಪರದೆಯನ್ನೇ ನೋಡುತ್ತಿದ್ದಳು. "ಇಷ್ಟು ದಿನದಲ್ಲಿ ನಮಗೆ ಅಂತ ಒಬ್ಬರು ಒಂದು ಮಾತು ಹೇಳಿದ್ದು ಇದೇ ಮೊದಲು," ಎಂದಳು. ಕಣ್ಣೊರೆಸಿಕೊಂಡಳು. ಬಿಟ್ಟಳೇ? ಇಲ್ಲ. "ನಿಯಮ ಮುರಿಯಲ್ಲ. ಆದ್ರೆ ಬ್ಯಾಡ್ಜ್ ತರಬಾರದು ಅಂತ ಯಾವ ನಿಯಮಾನೂ ಇಲ್ವಲ್ಲ. ಅಲ್ಲೇ ನಿಂತಿರಿ, ಒಂದು ಹೆಜ್ಜೆ ಇಟ್ರೆ ನೋಡಿ ಮತ್ತೆ!" ಎಂದು ಗದರಿ, ಬಾಗಿಲನ್ನು ಜೊತೆಯವಳಿಗೆ ಒಪ್ಪಿಸಿ, ತಾನೇ ಒಳಗೆ ನುಗ್ಗಿದಳು.

ನೂರಾರು ಪ್ರತಿನಿಧಿಗಳ ನಡುವೆ ಆ ಭಾರಿ ಹೆಂಗಸು ಬೂಟು ಸದ್ದು ಮಾಡುತ್ತಾ ಹೋದದ್ದೂ, ಫಲಕದಿಂದ ಬ್ಯಾಡ್ಜ್ ಬಿಡಿಸಿಕೊಂಡದ್ದೂ, ಒದಿಲೋನನಿಗೆ ತಲೆಬಾಗಿದ್ದೂ ಪರದೆಯಲ್ಲಿ ಕಂಡಿತು. ಒದಿಲೋನ್ ಅಷ್ಟರಲ್ಲಿ ಕಪ್ಪೆಗಳಿಗೆ ಧನ್ಯವಾದ ಹೇಳುತ್ತಿದ್ದ, ಜಾತಿವಾರು.

ಬ್ಯಾಡ್ಜ್ ಕೈಗೆ ಬಂದದ್ದೇ ತಡ, ಎರ್ಮೆಲಿಂಡಾ ಓಡಿ ಬಂದು ಕುರ್ಚಿಗೆ ಬಿದ್ದವಳೇ ಫಲಕವನ್ನು ನೆಟ್ಟಗೆ ನಿಲ್ಲಿಸಿದಳು.

"...ನನ್ನ ಧನ್ಯವಾದ ಮುಗಿಯಿತು, ಅಧ್ಯಕ್ಷರೇ," ಎಂದ ಒದಿಲೋನ್. ಹದಿನಾಲ್ಕು ನಿಮಿಷವಾಗಿತ್ತು.

"ಹೊಂಡುರಾಸ್ ಆಕ್ಷೇಪಿಸುತ್ತದೆ," ಎಂದಳು ಎರ್ಮೆಲಿಂಡಾ ಏದುಸಿರಿನಲ್ಲಿ. "ನಮ್ಮೂರ ಹೆಂಗಸರು ನೆಟ್ಟ ಕಾಡಿಗೆ ನೀವು ಟೋಪಿ ಕಳಿಸಿದ್ರಿ. ಅವರಿಗೆ ಬೇಕಿದ್ದದ್ದು ದೋಣಿಗೊಂದು ಎಂಜಿನ್. ಅದನ್ನ ಅವರನ್ನೇ ಕೇಳಿದ್ರೆ ಹೇಳ್ತಿದ್ರು. ಕೈ ಯಾವುದು ಅಂತ ಬರೀದೆ ಇದ್ರೆ ಈ ಅಂಕಿ ನಮ್ಮೂರಿಗೆ ಬರೀ ಅಂಕಿ. ವಾಕ್ಯ ಉಳೀಬೇಕು. ಇಲ್ಲಾಂದ್ರೆ ಅಂಕಿಗೂ ನಮ್ಮ ಒಪ್ಪಿಗೆ ಇಲ್ಲ."

ಹಿಮದ ನಾಡಿನವನು ತನ್ನ ಹಿಂದೆ ಕೂತವರನ್ನು ತಿರುಗಿ ನೋಡಿದ, ಅವರು ಗಡಿಯಾರ ನೋಡಿದರು. ಅಂಕಿ ಬಿದ್ದರೆ ಹನ್ನೆರಡು ದಿನವೂ ನೀರಿನಲ್ಲಿ ಮಾಡಿದ ಹೋಮ. ಅವನು ತನ್ನ ಸಲಹೆಯನ್ನು ಹಿಂತೆಗೆದುಕೊಂಡ. ಸುತ್ತಿಗೆ ಬಿತ್ತು. ವಾಕ್ಯ ಉಳಿಯಿತು.

ಎರ್ಮೆಲಿಂಡಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಕೈ ತೆಗೆದಾಗ ಒದಿಲೋನ್ ಒಂದು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಡುತ್ತಿರುವುದು ಕಂಡಿತು.

"ಏನದು?"

"ಏನಿಲ್ಲ ಬಿಡು."

"ಕೊಡು ಇಲ್ಲಿ," ಎಂದು ಕಸಿದುಕೊಂಡಳು. ಮುತ್ತಿನಂಥ ಅಕ್ಷರದಲ್ಲಿ ಮೂರೇ ಸಾಲು: ಬಿರುಗಾಳಿಯೋ ಭೂಕಂಪವೋ ಆದ ವರ್ಷ, ಕಾಗದಪತ್ರ ತಡವಾಯಿತೆಂದು ಯಾವ ದೇಶದ ಪಾಲನ್ನೂ ತಡೆಹಿಡಿಯಬಾರದು ಎಂದು ಹೈಟಿ ಬೇಡಿಕೊಳ್ಳುತ್ತದೆ.

"ಇದನ್ನ ಓದೋಕೆ ಬಂದಿದ್ಯಾ ನೀನು?"

"ಹೂಂ. ಕೊನೇ ದಿನ ದೇಶಕ್ಕೆ ಒಂದೇ ಸರದಿ. ಕಪ್ಪೆಗಳಿಗೆ ಹೋಯ್ತು," ಎಂದು ನಕ್ಕ. ನಗು ಕಣ್ಣಿನವರೆಗೆ ಮುಟ್ಟಲಿಲ್ಲ. "ಇರಲಿ. ನಿನ್ನ ವಾಕ್ಯ ಬಿದ್ದಿದ್ರೆ ಎತ್ತೋರು ಯಾರೂ ಇರ್ಲಿಲ್ಲ. ನಮಗೆ ಕಾದು ಅಭ್ಯಾಸ ಇದೆ."

ಎರ್ಮೆಲಿಂಡಾಳ ಕೈಯಲ್ಲಿ ಹೊಂಡುರಾಸ್ ಫಲಕ ಮತ್ತೆ ನೆಟ್ಟಗಾಯಿತು.

"ಹೊಂಡುರಾಸ್ ಸರದಿ ಮುಗಿದಿದೆ," ಎಂದರು ಅಧ್ಯಕ್ಷರು.

"ನಾನು ಮಾತಾಡಲ್ಲ, ಅಧ್ಯಕ್ಷರೇ. ಧನ್ಯವಾದ ಹೇಳ್ತೀನಿ."

ಸಭೆಯಲ್ಲಿ ನಗೆಯ ಅಲೆಯೆದ್ದಿತು. ಅಧ್ಯಕ್ಷರು ಸುತ್ತಿಗೆ ಕೆಳಗಿಟ್ಟು ಕೈಚೆಲ್ಲಿದರು. ಎರ್ಮೆಲಿಂಡಾ ಎದ್ದು ನಿಂತಳು. ಇಲ್ಲಿ ಯಾರೂ ಎದ್ದು ನಿಂತು ಮಾತಾಡುವುದಿಲ್ಲ, ಆದರೂ ನಿಂತಳು.

"ನನ್ನ ಎಡಗಡೆ ಕೂತಿರೋ ಈ ಮನುಷ್ಯನಿಗೆ ನನ್ನ ಧನ್ಯವಾದ. ತನ್ನ ದೇಶದ ಮಾತು ಜೇಬಲ್ಲಿಟ್ಟುಕೊಂಡು ನನ್ನ ದೇಶದ ಮಾತು ಉಳಿಸಿದ. ಆ ಮಾತು ಯಾವುದು ಅಂತ ತಿಳೀದೆ ನೀವಾದ್ರೂ ಅವನಿಗೆ ಹೇಗೆ ಥ್ಯಾಂಕ್ಸ್ ಹೇಳ್ತೀರಿ? ಅದಕ್ಕೆ ಓದ್ತೀನಿ." ಆ ಮೂರು ಸಾಲನ್ನು ನಿಧಾನವಾಗಿ, ಒಂದಕ್ಷರ ಬಿಡದೆ, ಎರಡು ಸಲ ಓದಿದಳು.

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. ಇವತ್ತಿನ ಠರಾವಿನಲ್ಲಿ ಇದಕ್ಕೆ ಜಾಗವಿಲ್ಲ, ಆದರೆ ಹೈಟಿಯ ಬೇಡಿಕೆ ಸಭೆಯ ಕಡತಕ್ಕೆ ಸೇರಿದೆ, ಮುಂದಿನ ಸಭೆ ಇದರಿಂದಲೇ ಶುರುವಾಗುತ್ತದೆ ಎಂದರು. ಯಾರ ಫಲಕವೂ ಏಳಲಿಲ್ಲ. ಸುತ್ತಿಗೆ ಬಿತ್ತು.

ಒದಿಲೋನ್ ಮೇಜನ್ನೇ ನೋಡುತ್ತಿದ್ದ. ಅವನ ಗಲ್ಲದ ಮೇಲೆ ನೀರಿಳಿಯುತ್ತಿತ್ತು, ಒರೆಸಿಕೊಳ್ಳಲೂ ಹೋಗಲಿಲ್ಲ.

"ಹದಿನಾರು ವರ್ಷ ನಾನು ಇದೇ ಮೈಕಲ್ಲಿ ಬೇಡಿದ್ದೀನಿ," ಎಂದ. "ನಮ್ಮ ಮಾತನ್ನ ಬೇರೆಯವರ ಬಾಯಲ್ಲಿ ಕೇಳಿದ್ದು ಇವತ್ತೇ. ಬೇಡಿಕೊಂಡ ಹಾಗೆ ಕೇಳಿಸ್ಲೇ ಇಲ್ಲ ಕಣೇ."