ಟೇಪು ನಿಂತ ಜಾಗ

ಸೀಟಿನಡಿ ಏನದು, ಕೈಗೆ ತಗುಲಿದ್ದು ಹಳೇ ಟವೆಲ್ಲು, ಒಳಗೆ ಏನೋ ಲಟಲಟ ಅನ್ನುತ್ತಿದೆ — ಗುಜರಿಯವನು ಬರುವುದರೊಳಗೆ ಕಾರು ಖಾಲಿ ಮಾಡಬೇಕು, ಗಂಡ ಆಗಲೇ ಗೇಟಿನ ಹತ್ತಿರ ಕಾಯುತ್ತ ನಿಂತಿದ್ದಾರೆ — ಬಿಚ್ಚಿದರೆ ಕ್ಯಾಸೆಟ್ಟುಗಳು, ಅಯ್ಯೋ, ಇವಿನ್ನೂ ಇವೆಯಾ, ಡಬ್ಬಿಯ ಮೇಲೆ ಕೂದಲು ನೆಟ್ಟಗೆ ನಿಲ್ಲಿಸಿಕೊಂಡ ಹುಡುಗರು, ಕೀಬೋರ್ಡಿನ ಹಿಂದೆ ಪರೀಕ್ಷೆ ಫೇಲಾದವರ ಮುಖ ಹೊತ್ತು ನಿಂತಿದ್ದಾರೆ, ಸಿಂಥ್‌ಪಾಪ್ ಕಣೇ ಇದು, ಎಲ್ಲಾ ಮಿಷನ್ನಲ್ಲೇ ಹುಟ್ಟಿದ್ದು, ಆದ್ರೂ ಎಷ್ಟು ದುಃಖ ಇದೆ ನೋಡು ಅದ್ರಲ್ಲಿ, ಅಂದಿದ್ದರು ಗಂಡ ಮದುವೆಯಾದ ಹೊಸತರಲ್ಲಿ, ಟೆಲಿಫೋನಿಗೆ ಚಳಿಜ್ವರ ಬಂದ ಹಾಗಿದೆ ಅಂತ ಇವಳು ಅಂದು, ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದರು, ಆಮೇಲಾಮೇಲೆ ನಗಲಿಲ್ಲ. ಎಂಜಿನ್ ಸತ್ತಿದ್ದರೂ ಬ್ಯಾಟರಿಯಲ್ಲಿ ಜೀವವಿದೆ, ಕೀಲಿ ತಿರುಗಿಸಿ ಕಾರಿನ ಟೇಪಿಗೆ ಒಂದನ್ನು ತುರುಕಿದಳು, ಹಾಡು ನಡುವಿನಿಂದಲೇ ಶುರುವಾಯಿತು, ಇರಲಿ, ಇನ್ನೊಂದು — ಅದೂ ಸಾಲಿನ ಅರ್ಧದಿಂದ, ಮತ್ತೊಂದೂ ಹಾಗೇ, ಒಂದನ್ನೂ ಮೊದಲಿಗೆ ಸುತ್ತಿಟ್ಟಿಲ್ಲ, ಒಂದೂ ಹಾಡಿನ ಕೊನೆ ಮುಟ್ಟಿಲ್ಲ, ಬಿಚ್ಚಿಟ್ಟ ಚಪ್ಪಲಿಯನ್ನೂ ಜೋಡಿಸಿಡುವ ಮನುಷ್ಯ ಇವನ್ನೇಕೆ ಹೀಗೆ — ಆಗ ಆ ಬೆರಳು ಕಣ್ಣಿಗೆ ಕಟ್ಟಿತು.

ಸಂಜೆ, ಟೆಲಿಫೋನ್ ಎಕ್ಸ್‌ಚೇಂಜಿನ ಗೇಟು, ದಿನವಿಡೀ ಕಿವಿಗೆ ಹೆಡ್‌ಫೋನ್ ಬಿಗಿದುಕೊಂಡು ಊರವರ ಹಲೋ ಹಲೋ ಕೇಳಿ, ಟೂಂ ಟೂಂ ಕೇಳಿ, ತಲೆ ಸಿಡಿಯುತ್ತ ಹೊರಬಂದರೆ ಎದುರಿಗೆ ಇದೇ ಕಾರು, ಒಳಗೆ ಅವರು ಕಣ್ಣು ಮುಚ್ಚಿ ಸ್ಟೇರಿಂಗಿನ ಮೇಲೆ ತಾಳ ಹಾಕುತ್ತಾ, ನಿಲ್ಲಿಸ್ರೀ ಆ ಕಿರಿಕಿರೀನ, ಒಮ್ಮೆ ಅಂದಿದ್ದಳು, ಇನ್ನೊಮ್ಮೆ ಅಂದಿದ್ದಳೇನೋ, ಆಮೇಲೆ ಹೇಳುವ ಅಗತ್ಯವೇ ಬೀಳಲಿಲ್ಲ, ಇವಳು ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಗಾಜಿನಾಚೆ ಅವರ ಆ ಬೆರಳು ಟೇಪಿನ ಗುಂಡಿಯ ಮೇಲೆ, ಟಕ್, ತಲೆನೋವಾ? ಪ್ರತಿ ಸಂಜೆ, ಟಕ್, ತಲೆನೋವಿಲ್ಲದ ದಿನವೂ ಟಕ್, ಬರಬರುತ್ತ ಆ ಟಕ್ಕೂ ಕೇಳದಾದಾಗ ಆ ಹುಚ್ಚು ಬಿಟ್ಟಿತು ಅಂದುಕೊಂಡಿದ್ದಳು ಇವಳು, ತಂಗಿಯ ಮುಂದೆ ಜಂಬ ಬೇರೆ, ನಮ್ಮನೆಯವ್ರು ಅದನ್ನೆಲ್ಲಾ ಬಿಟ್ಟೇಬಿಟ್ರು ಕಣೇ. ಎಲ್ಲಿ ಬಿಟ್ಟಿದ್ದರು, ಟವೆಲ್ಲಿನಲ್ಲಿ ಸುತ್ತಿ ಸೀಟಿನಡಿ ಇಟ್ಟಿದ್ದರು. ಮಾತು ಆಡಿದರೆ ಹೋಯಿತು ಮುತ್ತು ಒಡೆದರೆ ಹೋಯಿತು ಅಂತ ಊರಿಗೆಲ್ಲ ಗಾದೆ ಹೇಳಿದ್ದೇ ಬಂತು. ಈ ನೀಲಿ ಡಬ್ಬಿಯದು ಇವಳೇ ಕೊಡಿಸಿದ್ದು, ಮದುವೆಯಾದ ವರ್ಷ, ಹೆಸರು ನಾಲಿಗೆಗೆ ಹೊರಳದೆ ಅಂಗಡಿಯವನಿಗೆ ಬೆರಳು ಮಾಡಿ ತೋರಿಸಿ — ಹಾಕಿದಳು, ಅದೂ ಅರ್ಧಕ್ಕೇ ನಿಂತಿದೆ, ಎಷ್ಟು ಚೆನ್ನಾಗಿದೆ ಇದು, ಒಂದೇ ಸ್ವರ ತಡಕಾಡುತ್ತ ಮೇಲೇರುತ್ತಿದೆ, ಇದರ ಕೊನೆ ಇವಳಿಗೆ ಗೊತ್ತೇ ಇಲ್ಲ, ಒಂದು ಸಲ, ಒಂದೇ ಒಂದು ಸಲ ಈ ಕಾರಿನಲ್ಲಿ ಅವರ ಪಕ್ಕ ಕೂತು ಕೊನೆಯತನಕ ಕೇಳಬೇಕು, ಗುಜರಿಯವನು ಬೇಕಾದರೆ ಕಾಯಲಿ, ರೀ, ಬನ್ರೀ ಇಲ್ಲಿ — ಬರುತ್ತಿದ್ದಾರೆ, ಮಂಡಿ ಹಿಡಿದುಕೊಂಡು, ಗಾಬರಿಯಲ್ಲಿ, ಕೂತ್ಕೊಳ್ಳಿ ಅನ್ನಬೇಕು, ಇರ್ಲಿ ಬಿಡಿ ಹಾಡ್ಲಿ ಅನ್ನಬೇಕು, ನಾಲಿಗೆಯ ತುದಿಯಲ್ಲೇ ಇದೆ, ಬಾಗಿಲು ತೆರೆಯಿತು, ಇವಳ ಒದ್ದೆ ಕಣ್ಣು ನೋಡಿದರು, ತಲೆನೋವಾ? ಅಂದರು, ಇವಳ ಮೇಲಿಂದ ಬಾಗಿ ಚಾಚಿದ ಆ ಬೆರಳು, ಗೆಣ್ಣು ಊದಿದೆ, ಆದರೂ ದಾರಿ ತಪ್ಪಲಿಲ್ಲ, ಗುಂಡಿಯ ಮೇಲೆ, ಟಕ್, ಆ ಬೆರಳು, ಆ ಬೆರಳು