ಎರಡು ಬಕೆಟ್ ಬಟಾಣಿ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ನನಗೆ ರಾತ್ರಿ ಪಾಳಿ. ಯಜಮಾನರು ಬಸ್ ಓಡಿಸುತ್ತಾರೆ, ಅವರದು ಹಗಲು. ಬೆಳಗಿನ ಜಾವ ನಾನು ಮನೆ ಸೇರುವಾಗ ಅವರಿಗೆ ಗಾಢ ನಿದ್ದೆ. ಅವರು ಎದ್ದು ಹೊರಡುವಾಗ ನನಗೆ ಗಾಢ ನಿದ್ದೆ. ಸಂಜೆ ಅವರು ಬರುವಷ್ಟರಲ್ಲಿ ನಾನು ಮನೆ ಬಿಟ್ಟಾಗಿರುತ್ತದೆ. ಇಬ್ಬರಿಗೂ ಒಂದೇ ದಿನ ರಜೆ ಬೀಳುವುದು ಅಪರೂಪ. ಇದು ಮನೆಯೋ ಛತ್ರವೋ ಎಂದು ಅಕ್ಕ ಮೊದಲ ಸಲ ಕೇಳಿದಾಗ ನಕ್ಕಿದ್ದೆ. ಈಗ ನಗು ಬರುವುದಿಲ್ಲ.

ಅಕ್ಕನ ಊರಿನಲ್ಲಿ ಹಗಲಿನ ಕೆಲಸವೊಂದು ಖಾಲಿ ಇತ್ತು. "ಬಂದು ನನ್ನ ಜೊತೆ ಇರೇ. ಅಲ್ಲಿ ಗಂಡನ ಮುಖ ನೋಡ್ಕೊಂಡಾದ್ರೂ ಇದೀಯಾ? ಅದೂ ಇಲ್ಲ," ಎಂದಿದ್ದಳು. ಭಾನುವಾರದೊಳಗೆ ಅವಳಿಗೆ ಏನಾದರೊಂದು ಹೇಳಬೇಕಿತ್ತು. ಮನಸ್ಸಿನಲ್ಲಿ ನಾನು ಹೂಂ ಅಂದಾಗಿತ್ತು. ಯಜಮಾನರಿಗೆ ತಿಳಿಸಿರಲಿಲ್ಲ. ತಿಳಿಸುವುದಾದರೂ ಯಾರಿಗೆ, ಅವರ ಗೊರಕೆಗೇ?

ಬಟಾಣಿಯ ಹುಚ್ಚು ಅವರದೇ. ದಿನಾ ಅವರ ಬಸ್ಸಿಗೆ ಹತ್ತುವ, ಸಸಿ ಮಾರುವ ಹೆಂಗಸೊಬ್ಬಳು ತಲೆಗೆ ತುಂಬಿದ್ದಳು: ಗಿಡದ ಗಂಧಗಾಳಿ ಇಲ್ಲದವರೂ ಬಟಾಣಿ ಬೆಳೆಯಬಹುದು, ಅದಕ್ಕೆ ನೆಲವೂ ಬೇಡ, ಆಳವಾದ ಬಕೆಟ್ ಇದ್ದರೆ ಸಾಕು. ರಜೆ ಒಂದಾದ ಒಂದೇ ಒಂದು ದಿನ ಇಬ್ಬರೂ ಬಾಲ್ಕನಿಯಲ್ಲಿ ಕೂತೆವು. ಬಣ್ಣದ ಹಳೆ ಬಕೆಟ್ ಎರಡಕ್ಕೆ ಕಾಯಿಸಿದ ಮೊಳೆಯಿಂದ ತೂತು ಕೊರೆದು, ಮಣ್ಣು ತುಂಬಿ, ಹಿಂದಿನ ರಾತ್ರಿ ನೆನೆಹಾಕಿದ್ದ ಕಾಳುಗಳನ್ನು ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ ಒತ್ತಿದೆವು. ಹಬ್ಬಲು ಕೋಲು ನೆಟ್ಟು ದಾರ ಕಟ್ಟಿದೆವು. ನೀರು ಸೋರಿ ತನ್ನ ಬಟ್ಟೆ ಮೇಲೆ ಬಿದ್ದರೆ ಕೆಳಗಿನ ಮನೆಯಾಕೆ ಊರು ಒಂದು ಮಾಡುತ್ತಾಳೆಂದು ಯಜಮಾನರು ಬಕೆಟ್ಟಿನ ಅಡಿಗೆ ಅಗಲವಾದ ತಟ್ಟೆ ಇಟ್ಟರು. ಆ ದಿನ ನಾವು ತುಂಬಾ ಮಾತಾಡಿದೆವು. ಏನು ಅಂತ ಈಗ ನೆನಪಿಲ್ಲ.

ಕಾಳು ಮೊಳೆತವು. ಗೇಣುದ್ದ ಎದ್ದು, ಬಳ್ಳಿಯ ಎಳೆ ಬಂದು ದಾರ ಹಿಡಿದಿದ್ದನ್ನು ನೋಡಿದ ಬೆಳಗ್ಗೆ, ಈ ಮನೆಯಲ್ಲೂ ಒಂದು ಜೀವ ಬೆಳೆಯುತ್ತಿದೆಯಲ್ಲ ಎಂದು ಕಣ್ಣು ತುಂಬಿ ಬಂತು. ಯಾರಿಗಾದರೂ ತೋರಿಸೋಣವೆಂದರೆ ಯಜಮಾನರು ಬಾಯಿ ತೆರೆದುಕೊಂಡು ಮಲಗಿದ್ದರು. ಪಾಪ, ದಿನವಿಡೀ ಸ್ಟೇರಿಂಗ್ ತಿರುಗಿಸಿದ ಜೀವ. ನಾನೇ ಒಂದು ಚೊಂಬು ನೀರು ಹಾಕಿ ಮಲಗಿದೆ. ಅಂದಿನಿಂದ ದಿನಾ ಹಾಗೇ ಮಾಡಿದೆ.

ಸ್ವಲ್ಪ ದಿನಕ್ಕೆ ಬುಡದ ಎಲೆಗಳು ಹಳದಿಯಾದವು. ಬಾಯಾರಿಕೆ ಅಂದುಕೊಂಡು ಎರಡು ಚೊಂಬು ಹಾಕಿದೆ. ಮಣ್ಣಿಗೆ ಬೆರಳು ಚುಚ್ಚಿ ನೋಡಿ ನೀರು ಹಾಕಬೇಕೆಂದು ಸಸಿ ಮಾರುವ ಆ ಹೆಂಗಸು ಹೇಳಿದ್ದಳಂತೆ. ರಾತ್ರಿಯಿಡೀ ಬಿಸಿ ಹೊದಿಕೆ ಹಿಂಡಿ ಬಂದವಳಿಗೆ ಅಷ್ಟು ವ್ಯವಧಾನ ಎಲ್ಲಿತ್ತು? ಹಳದಿ ಮೇಲೇರುತ್ತಲೇ ಹೋಯಿತು. ನನಗೆ ಹೊಟ್ಟೆ ಉರಿಯಿತು. ತಂದು ನನ್ನ ತಲೆಗೆ ಕಟ್ಟಿದ ಮಹಾನುಭಾವನಿಗೆ ಒಂದು ದಿನ ನೀರು ಹಾಕಲು ಏನು ಧಾಡಿ? ಒಂದು ಗಿಡದ ಮೇಲಿಲ್ಲದ ಕಾಳಜಿ ನನ್ನ ಮೇಲೆ ಎಲ್ಲಿಂದ ಬಂದೀತು? ಅಕ್ಕ ಹೇಳಿದ್ದೇ ಸರಿ ಅನ್ನಿಸಿತು.

ಆ ಗುರುವಾರ ಕೆಲಸಕ್ಕೆ ಹೋದರೆ ಬಾಯ್ಲರ್ ಕೆಟ್ಟು ಕೂತಿತ್ತು. ಎಲ್ಲರನ್ನೂ ವಾಪಸ್ ಕಳಿಸಿದರು. ಮನೆಗೆ ಬಂದು ಬಾಗಿಲು ತೆಗೆದರೆ ಯಜಮಾನರು ಸಮವಸ್ತ್ರವನ್ನೂ ಬಿಚ್ಚದೆ ಬಾಲ್ಕನಿಯಲ್ಲಿ ಬಗ್ಗಿದ್ದರು. ಕೈಯಲ್ಲಿ ತುಂಬಿದ ಚೊಂಬು.

"ಏನ್ರೀ ಮಾಡ್ತಿದೀರಿ?"

ಅವರು ಬೆಚ್ಚಿಬಿದ್ದರು. "ನೀರು ಹಾಕ್ತಿದೀನಿ. ದಿನಾ ಹಾಕ್ತೀನಲ್ಲ."

"ದಿನಾನಾ? ದಿನಾ ಹಾಕ್ತಿರೋಳು ನಾನು! ಬೆಳಿಗ್ಗೆ ಬಂದ ತಕ್ಷಣ!"

ಇಬ್ಬರೂ ತಟ್ಟೆ ನೋಡಿದೆವು. ನೀರು ಅಂಚಿನ ತನಕ ನಿಂತಿತ್ತು.

"ನೀನು ಸುಸ್ತಾಗಿ ಬಂದಿರ್ತೀಯ, ಇದೂ ಒಂದು ಕೆಲಸ ಯಾಕೆ ನಿಂಗೆ ಅಂತ..." ಎಂದರು.

"ನಾನೂ ಹಾಗೇ ಅಂದ್ಕೊಂಡೆ, ನಿಮಗೆ ಯಾಕೆ ಅಂತ."

"ನೀನು ಈ ಕಡೆ ತಿರುಗೂ ನೋಡಲ್ಲ ಅಂತ ಬೇಜಾರಾಗಿತ್ತು ನಂಗೆ."

ಒಂದು ಗಿಡ ಹಿಡಿದು ಎಳೆದೆ. ಒಂಚೂರೂ ಹಟ ಮಾಡದೆ ಬಂದುಬಿಟ್ಟಿತು. ಬೇರು ಕಂದು ಬಣ್ಣಕ್ಕೆ ತಿರುಗಿ ಲೋಳೆಯಾಗಿತ್ತು, ನಾತ ಹೊಡೆಯುತ್ತಿತ್ತು. ಇಬ್ಬರೂ ನೆಲದ ಮೇಲೆ ಕೂತುಬಿಟ್ಟೆವು. ಇನ್ನು ಮುಚ್ಚಿಡುವ ಶಕ್ತಿ ನನಗಿರಲಿಲ್ಲ.

"ಅಕ್ಕನ ಊರಿಗೆ ಹೊರಟೋಗೋಣ ಅಂತಿದ್ದೆ," ಎಂದೆ. "ಅಲ್ಲೇ ಇದ್ದುಬಿಡೋಣ ಅಂತ."

ಅವರು ಚೊಂಬನ್ನು ಮೆಲ್ಲಗೆ ಕೆಳಗಿಟ್ಟರು. "ನಂಗೂ ಹಾಗೇ ಅನ್ನಿಸ್ತಿತ್ತು, ನೀನು ಹೋಗ್ತೀಯ ಅಂತ."

"ಅನ್ನಿಸಿದ್ರೆ ಒಂದು ಮಾತು ಕೇಳಬಾರದಿತ್ತಾ?"

"ಮಲಗಿದ್ದೆಯಲ್ಲ."

ಸಿಟ್ಟೂ ಅಳುವೂ ಒಟ್ಟಿಗೇ ನುಗ್ಗಿ ಬಂದವು. "ಎಬ್ಬಿಸಬೇಕಿತ್ತು ಕಣ್ರೀ! ನನ್ನ ನಿದ್ದೆ ಹಾಳಾಗಿ ಹೋಗ್ಲಿ, ಎಬ್ಬಿಸಬೇಕಿತ್ತು!"

ಅವರು ಎದ್ದು ಹೋಗಿ ತಟ್ಟೆಗಳ ನೀರನ್ನು ಬಚ್ಚಲಿಗೆ ಸುರಿದು ಬಂದರು. ರಾತ್ರಿ ಒಟ್ಟಿಗೆ ಊಟ ಮಾಡಿದೆವು. ಮಾತಿಗಿಂತ ಆಕಳಿಕೆಯೇ ಹೆಚ್ಚಿತ್ತು.

ಮಾರನೇ ದಿನ ಬಾಯ್ಲರ್ ಸರಿಹೋಯಿತು, ಮತ್ತೆ ಅದೇ ಪಾಳಿ. ಶನಿವಾರ ಬೆಳಗಿನ ಜಾವ ಬಂದು, ಕೈಕಾಲು ಬಿದ್ದುಹೋದಂತಾಗಿ ಮಲಗಿದ್ದೆ. ಆಗತಾನೇ ನಿದ್ದೆ ಹತ್ತಿತ್ತು, ಯಾರೋ ಭುಜ ಹಿಡಿದು ಅಲ್ಲಾಡಿಸಿದರು.

"ಏ, ಏಳು."

ಕಣ್ಣು ಕಿತ್ತು ಬರುವಂತಿತ್ತು. "ಬುದ್ಧಿ ಇದೆಯೇನ್ರೀ ನಿಮಗೆ? ಈಗ ತಾನೇ ಮಲಗಿದೀನಿ! ಏನಾಯ್ತು?"

"ಏನೂ ಆಗಿಲ್ಲ." ತಲೆ ಬಾಚಿ ಡ್ಯೂಟಿಗೆ ಸಿದ್ಧರಾಗಿ ಮಂಚದ ಅಂಚಿಗೆ ಕೂತಿದ್ದರು. "ಕೇಳೋಣ ಅಂತ ಎಬ್ಬಿಸಿದೆ. ಇನ್ನೂ ಹೋಗಬೇಕು ಅನ್ನಿಸುತ್ತಾ?"

ನಾನು ಎದ್ದು ಕೂತೆ. ಎಷ್ಟೋ ಕಾಲದ ಮೇಲೆ ಅವರ ತೆರೆದ ಕಣ್ಣುಗಳನ್ನು ಇಷ್ಟು ಹತ್ತಿರದಿಂದ ನೋಡಿದೆ. ಕೆಂಪಗಿದ್ದವು. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಇವತ್ತು ಅನ್ನಿಸ್ತಿಲ್ಲ," ಎಂದೆ. "ನಾಳೆ ಮತ್ತೆ ಎಬ್ಬಿಸಿ ಕೇಳಿ."