ರೇಣು ಕೂಡಿಸಿದ ಪಿಸ್ಟನ್

ನನ್ನ ಅಕ್ಕ ದೇವಕ್ಕನಿಗೆ ತೊಳೆಯುವ ಹುಚ್ಚು. ಸಿರಸಂಗಿಯಲ್ಲಿ ಅವಳ ಮನೆಯ ಕಟ್ಟೆಯ ಮೇಲೆ ಕುಳಿತು ಎದ್ದರೆ ಸಾಕು, ನಾವು ಕುಳಿತ ಜಾಗಕ್ಕೂ ಒಂದು ತಂಬಿಗೆ ನೀರು ಬೀಳುತ್ತದೆ. ಅಂಥವಳ ಕೈಗೆ ಸೂತಕದ ಮನೆ ಸಿಕ್ಕಿತು. ನನ್ನ ಹೆಂಡತಿ ರೇಣು ತೀರಿಕೊಂಡು ದಿನಕರ್ಮ ಮುಗಿಯುವ ಹೊತ್ತಿಗೆ ಬೈಲಹೊಂಗಲದ ನಮ್ಮ ಮನೆಯಲ್ಲಿ ಅಕ್ಕ ತೊಳೆಯದ ವಸ್ತು ಒಂದೂ ಉಳಿದಿರಲಿಲ್ಲ. ನನ್ನನ್ನೂ ಬಚ್ಚಲಿಗೆ ಕರೆದೊಯ್ದು ತಲೆಗೆ ನೀರು ಹಾಕಿ ಕೂರಿಸಿದ್ದಳು.

ಸೂತಕ ಕಳೆಯುವಾಗ ನೆಲ ಸಾರಿಸಬೇಕು, ಹಾಸಿಗೆ ಒಗೆಯಬೇಕು, ಪಾತ್ರೆ ಬೆಳಗಬೇಕು. ಅದು ರೂಢಿ. ನಾನು ಬೇಡ ಎನ್ನಲಿಲ್ಲ. ಬೇಡ ಎನ್ನಲಿಕ್ಕೂ ಒಳಗೆ ಏನಾದರೂ ಇರಬೇಕಲ್ಲ. ಹಸಿವೆ ಇರಲಿಲ್ಲ, ನಿದ್ದೆ ಇರಲಿಲ್ಲ, ಅಳುವೂ ಬಂದಿರಲಿಲ್ಲ. ಮಾತಾಡಿಸಲು ಬಂದವರೆಲ್ಲ "ಅತ್ತ ಬಿಡ್ರಿ ಸದಾಶಿವಣ್ಣ, ಹಗರ ಆಗತೈತಿ" ಎಂದರು. ಅಳು ಏನು ನಲ್ಲಿಯೇ, ತಿರುಗಿಸಿದ ಕೂಡಲೇ ಬರಲು?

ಅಕ್ಕನ ಹೊರತು ಎಲ್ಲರೂ ಹೋದ ಮೇಲೆ ಹಿತ್ತಲ ಶೆಡ್ಡಿಗೆ ನಡೆದೆ. ಟ್ರ್ಯಾಕ್ಟರ್ ರಿಪೇರಿಯ ಅಂಗಡಿ ಮುಚ್ಚಿದಾಗ ಲೋಹ ಕಡೆಯುವ ನನ್ನ ಹಳೆಯ ಲೇತನ್ನು ಅಲ್ಲಿ ತಂದು ಕೂರಿಸಿದ್ದೆ. ಅದರ ಮೇಲೆ ನಾನೂ ರೇಣುವೂ ಸೇರಿ ಒಂದು ಆಟದ ಎಂಜಿನ್ ಮಾಡುತ್ತಿದ್ದೆವು. ಅಂಗೈ ಮೇಲೆ ಕೂರುವಂಥದು. ಪೆಟ್ರೋಲ್ ಬೇಡ, ಡೀಸೆಲ್ ಬೇಡ. ಕೆಳಗೆ ದೀಪ ಇಟ್ಟರೆ ಒಳಗಿನ ಗಾಳಿ ಬಿಸಿಯಾಗಿ ಚಕ್ರ ತಿರುಗುತ್ತದೆ. ಅವಳೇ ಮೊಬೈಲಿನಲ್ಲಿ ನೋಡಿ ಹುಚ್ಚು ಹಚ್ಚಿಸಿದ್ದು. "ಮಂದೀ ಟ್ರ್ಯಾಕ್ಟರ್ ರಿಪೇರಿ ಮಾಡಿದ್ದು ಸಾಕು, ನನಗೊಂದು ಇಂಥಾದ್ದು ಮಾಡಿಕೊಡ್ರಿ" ಎಂದಿದ್ದಳು.

ಹಿತ್ತಾಳೆಯ ಕೊಳವೆಯನ್ನೂ ಅದರೊಳಗೆ ಆಡುವ ಬೀಡುಕಬ್ಬಿಣದ ಪಿಸ್ಟನ್ನನ್ನೂ ಲೇತಿನ ಮೇಲೆ ತೆಗೆದವನು ನಾನು. ಒಂದಕ್ಕೊಂದು ಹೊಂದುವಂತೆ ಕೂಡಿಸಿದವಳು ಅವಳು. ಲೇತ್ ಎಷ್ಟೇ ನಯವಾಗಿ ಕೊಟ್ಟರೂ ಕೊನೆಯದು ಕೈಯ ಕೆಲಸ. ಎಣ್ಣೆಯಲ್ಲಿ ನುಣ್ಣನೆಯ ಪುಡಿ ಕಲಸಿ ಸವರಿ, ಪಿಸ್ಟನ್ನನ್ನು ಕೊಳವೆಯೊಳಗೆ ತಿರುವುತ್ತ ತಿರುವುತ್ತ ಆಡಿಸಬೇಕು. ಕಡಿಮೆಯಾದರೆ ಬಿಗಿ, ಹೆಚ್ಚಾದರೆ ಸಡಿಲ. ನನಗೆ ಅಷ್ಟು ತಾಳ್ಮೆ ಎಲ್ಲಿಯದು? ರೇಣು ಧಾರಾವಾಹಿ ನೋಡುತ್ತ ಮಳೆಗಾಲವೆಲ್ಲ ಅದನ್ನೇ ಮಾಡಿದಳು. ಸರಿಯಾಗಿ ಕೂಡಿದ ಮೇಲೆ, ಕೊಳವೆಯ ಒಂದು ಬಾಯಿಗೆ ಹೆಬ್ಬೆರಳು ಒತ್ತಿ ಪಿಸ್ಟನ್ ಎಳೆದರೆ ಟಪ್ ಎನ್ನುತ್ತದೆ. ಗಾಳಿ ಎಲ್ಲೂ ಸೋರುತ್ತಿಲ್ಲ ಎಂದು ಅರ್ಥ. ಆಮೇಲೆ ಅವಳಿಗೆ ಅದೇ ಆಟವಾಯಿತು. ನಾನು ಲೇತಿಗೆ ಬಗ್ಗಿದಾಗ ಸದ್ದಿಲ್ಲದೆ ಬಂದು ಕಿವಿಯ ಹತ್ತಿರ ಟಪ್ ಅನ್ನಿಸುವಳು. ನಾನು ಬೆಚ್ಚಿ ಬೈಯುವುದು, ಅವಳು ನಗುವುದು.

ಎಲ್ಲ ಭಾಗ ಸೇರಿಸಿ ಎಂಜಿನ್ ಜೋಡಿಸುವುದಷ್ಟೇ ಬಾಕಿ ಇದ್ದಾಗ ಅವಳಿಗೆ ಜ್ವರ ಬಂತು. ಆಸ್ಪತ್ರೆಯ ಮಂಚದ ಮೇಲೂ "ನಾ ಮನಿಗೆ ಬರೂದ್ರಾಗ ಅದು ತಿರಗಬೇಕ ನೋಡ್ರಿ" ಎಂದಳು. ಅವಳು ಬರಲಿಲ್ಲ. ಅದನ್ನು ತಿರುಗಿಸುವುದೊಂದೇ ನನಗೆ ಉಳಿದಿದ್ದ ಕೆಲಸ.

ಶೆಡ್ಡಿನಲ್ಲಿ ಕೊಳವೆಯೂ ಇರಲಿಲ್ಲ, ಪಿಸ್ಟನ್ನೂ ಇರಲಿಲ್ಲ. ಹುಡುಕಿದರೆ ದೇವರ ಜಗಲಿಯ ಮೇಲೆ ಸಿಕ್ಕವು. ಕೊಳವೆ ಬಂಗಾರದ ಹಾಗೆ ಹೊಳೆಯುತ್ತಿತ್ತು.

"ಎಷ್ಟ ಕರ್ರಗಾಗಿತ್ತೋ ಅದು!" ಎಂದಳು ಅಕ್ಕ. "ಹುಣಸಿಹಣ್ಣು, ಇಟ್ಟಂಗಿ ಪುಡಿ ಹಚ್ಚಿ ತಿಕ್ಕೇನಿ. ಕಡ್ಡಿಗೆ ಅರಬಿ ಚಿಂದಿ ಸುತ್ತಿ ಒಳಗೂ ತಿಕ್ಕೇನಿ. ರೇಣೂನ ಸಾಮಾನಲ್ಲೇನು, ಅದಕ್ಕ ದೇವರ ಮುಂದ ಇಟ್ಟೇನಿ."

ಪಿಸ್ಟನ್ನನ್ನು ಕೊಳವೆಯೊಳಗೆ ಬಿಟ್ಟೆ. ಅದು ಎಲ್ಲೂ ನಿಲ್ಲದೆ ಆಚೆ ಬಾಯಿಂದ ಠಣ್ ಎಂದು ನೆಲಕ್ಕೆ ಬಿತ್ತು.

ಸಿಟ್ಟು ಬರಬೇಕಿತ್ತು. ನಾನು ಚಹಾ ಆರಿದ್ದರೆ ಮನೆಯನ್ನು ತಲೆಯ ಮೇಲೆ ಹೊರುವ ಮನುಷ್ಯ. ಆದರೆ ಬರಲಿಲ್ಲ. ಬಹಳ ಹೊತ್ತು ಮಡಚಿಕೊಂಡು ಕುಳಿತ ಕಾಲಿನ ಹಾಗೆ ಎದೆ ಜೋಮು ಹಿಡಿದಿತ್ತು. ಬಗ್ಗಿ ಪಿಸ್ಟನ್ ಎತ್ತಿಕೊಂಡೆ. ಎರಡನ್ನೂ ಹಿಡಿದು ಶೆಡ್ಡಿಗೆ ನಡೆದೆ. ಅಕ್ಕನಿಗೆ ಹೇಳಿ ಏನು ಬಂತು? ಅಟ್ಟ ಮೇಲೆ ಒಲೆ ಉರಿದರೆ ಯಾರಿಗೆ ಬೇಕು?

ಉಳಿದದ್ದು ಒಂದೇ ದಾರಿ. ಕೊಳವೆಯನ್ನು ಒಳಗಿನಿಂದ ಒಂದು ಪದರ ಕೊರೆದು ಅಗಲ ಮಾಡಬೇಕು, ಅದಕ್ಕೆ ತಕ್ಕ ಹೊಸ ಪಿಸ್ಟನ್ ಮಾಡಬೇಕು. ಹಾಗೆ ಮಾಡಿದರೆ ಇಟ್ಟಿಗೆ ಪುಡಿಗೆ ತಪ್ಪಿಸಿಕೊಂಡು ಅಲ್ಲಲ್ಲಿ ಉಳಿದಿದ್ದ ಅವಳ ಕೈಕೆಲಸವನ್ನೂ ನಾನೇ ಹೆರೆದು ಹಾಕಿದಂತೆ. ಮಾಡದಿದ್ದರೆ ಅದು ಉಳಿಯುತ್ತದೆ, ಎಂಜಿನ್ ಮಾತ್ರ ಎಂದೂ ತಿರುಗುವುದಿಲ್ಲ. ಕೊಳವೆಯನ್ನು ಲೇತಿಗೆ ಸಿಕ್ಕಿಸಿದೆ, ಚಾಲೂ ಮಾಡಲು ಕೈ ಬರಲಿಲ್ಲ.

ಅಕ್ಕ ಕೈಯಲ್ಲಿ ಚೀಲ ಹಿಡಿದು ಬಂದಳು. "ನಾ ಹೊಂಟೆನೋ, ಬಸ್ಸಿನ ಹೊತ್ತಾತು. ಏನ ಮಾಡಾಕ ಹತ್ತೀ?"

"ನೀ ತಿಕ್ಕಿದ್ದಕ್ಕ ಸಡ್ಲಾಗೇತಿ ಅಕ್ಕಾ. ರೇಣು ಕೂಡಿಸಿದ್ದು ಹೋತು. ಇನ್ನ ಇದನ್ನ ಕೊರದು ಹೊಸಾದು ಮಾಡಬೇಕು." ಪೇಟೆಯ ಜೋಳದ ಧಾರಣೆ ಹೇಳಿದ ಹಾಗೆ ಹೇಳಿದೆ.

ಅಕ್ಕ ಚೀಲ ಕೆಳಗಿಟ್ಟು ಹೊಸ್ತಿಲ ಮೇಲೆ ಕುಳಿತಳು.

"ಬೈಯೋ ನನ್ನ."

"ಸಿಟ್ಟ ಬರವಲ್ದು ಅಕ್ಕಾ."

ಲೇತ್ ಚಾಲೂ ಮಾಡಿದೆ. ಕೊಳವೆಯೊಳಗಿಂದ ಹಿತ್ತಾಳೆಯ ಹಳದಿ ಪುಡಿ ಉದುರಿ ನೆಲದ ಮೇಲೆ ಬಿತ್ತು. ಹುಲ್ಲುಕಡ್ಡಿ ಕಂಡರೂ ಗುಡಿಸುವ ಅಕ್ಕ ಅವತ್ತು ಕಸಬರಿಗೆ ಮುಟ್ಟಲಿಲ್ಲ. ಆ ಪುಡಿಯನ್ನು ಬೆರಳಿನಿಂದ ಒಟ್ಟುಮಾಡಿ ಸೆರಗಿನ ತುದಿಗೆ ಕಟ್ಟಿಕೊಂಡಳು. ಬಸ್ಸು ಹೋಯಿತು, ಅವಳು ಹೋಗಲಿಲ್ಲ.

ಬೀಡಿನ ತುಂಡಿನಿಂದ ಹೊಸ ಪಿಸ್ಟನ್ ತೆಗೆದೆ. ಅದು ಕೊಳವೆಯ ಬಾಯಿಯಲ್ಲೇ ಬಿಗಿದು ನಿಂತಿತು. ಅಕ್ಕ ಕೈ ಚಾಚಿದಳು.

"ಕೊಡ ಇಲ್ಲೆ. ತಿಕ್ಕೂದು ನನಗ ಬರತೈತಿ. ಎಲ್ಲಿ ನಿಲ್ಲಸಬೇಕು ಅನ್ನೂದಷ್ಟ ಹೇಳು."

ಬಾಯಿ ಮುಚ್ಚಿ ಎಳೆದರೆ ಟಪ್ ಅನ್ನಬೇಕು, ಅಲ್ಲಿಗೆ ನಿಲ್ಲಿಸಬೇಕು ಎಂದು ಹೇಳಿಕೊಟ್ಟೆ. ಅವಳು ರೇಣು ಕೂರುತ್ತಿದ್ದ ಮಣೆಯ ಮೇಲೆ ಕುಳಿತಳು. ಸ್ವಲ್ಪ ತಿರುವುವುದು, ಒರೆಸುವುದು, ಬೆಳಕಿಗೆ ಹಿಡಿದು ನೋಡುವುದು. "ಸಾಕೇನೋ?" "ಇನ್ನಷ್ಟು." ಹುಟ್ಟಿದಾರಭ್ಯ ಯಾವುದನ್ನೂ ಮೆಲ್ಲಗೆ ತಿಕ್ಕಿದವಳಲ್ಲ; ಈಗ ಎಳೆಗೂಸಿನ ಮೈ ತೊಳೆದ ಹಾಗೆ ತಿಕ್ಕುತ್ತಿದ್ದಳು. ಹೀಗೇ ಕೆಲವು ದಿನ ಹೋದವು. ಅವಳು ಬಡಿಸಿದ್ದನ್ನು ತಿನ್ನುತ್ತಿದ್ದೆ, ರುಚಿ ತಿಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಲೇತ್ ನಿಲ್ಲಿಸಿ, ಬಗ್ಗಿ ಹೊಸ ಪಿಸ್ಟನ್ನನ್ನು ಚಕ್ರಕ್ಕೆ ಸೇರಿಸುವ ಕಡ್ಡಿಯ ಅಳತೆ ನೋಡುತ್ತಿದ್ದೆ. ಬೆನ್ನ ಹಿಂದೆ, ಕಿವಿಯ ಹತ್ತಿರವೇ, ಟಪ್ ಎಂದಿತು.

"ಸಾಕ ಮಾಡ ರೇಣು, ಅಳತಿ ತಪ್ಪತೈತಿ" ಎಂದೆ, ತಿರುಗದೆ.

ನಗು ಕೇಳಲಿಲ್ಲ. ತಿರುಗಿದೆ. ಅಕ್ಕ ಕೊಳವೆಗೆ ಹೆಬ್ಬೆರಳು ಒತ್ತಿಕೊಂಡೇ ನಿಂತಿದ್ದಳು.

ಅಂದು ಸಂಜೆ ಕೆಳಗೆ ದೀಪ ಇಟ್ಟಾಗ ಎಂಜಿನ್ ತಿರುಗಿತು. ಆ ಟಪ್ ಸದ್ದು ಕೇಳಿದಾಗಲೇ ಅದು ತಿರುಗುತ್ತದೆಂದು ನನಗೆ ಗೊತ್ತಾಗಿತ್ತು. ಆದರೆ ಆ ಮಧ್ಯಾಹ್ನ ಎಂಜಿನ್ನು ಯಾರಿಗೆ ಬೇಕಿತ್ತು? ನಾನು ಅಳತೆಪಟ್ಟಿಯನ್ನು ಕೆಳಗಿಟ್ಟು, ಮತ್ತೆ ಅವಳಿಗೆ ಬೆನ್ನು ಮಾಡಿ ಲೇತಿಗೆ ಬಗ್ಗಿ ನಿಂತೆ.

"ಇನ್ನೊಮ್ಮೆ ಮಾಡ ಅಕ್ಕಾ" ಎಂದೆ.

ಅವಳು ಮಾಡಿದಳು. ಆಗ ಅಳು ಬಂತು.